ರಾಡ್ ಸಾಕೋ, ರೈಲ್ ಬೇಕೋ? 700 ಗ್ರಾಂ ರಾಕೆಟ್ ಕೈಲಿಟ್ಕೊಂಡು ಕೂತಿದೀನಿ

ಹೊಸಹಾರಾಟ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಹವ್ಯಾಸಕ್ಕೆ ಎ, ಬಿ, ಸಿ (ಅಕ್ಷರ ಮುಂದಕ್ಕೆ ಹೋದಷ್ಟೂ ಶಕ್ತಿ ಹೆಚ್ಚು) ಮೋಟರ್‌ಗಳ ಸಣ್ಣ ರಾಕೆಟ್‌ಗಳನ್ನ 3.2 ಮಿ.ಮೀ. ಉಕ್ಕಿನ ರಾಡ್ ಮೇಲಿಂದ ಹಾರಿಸ್ತಿದ್ದೆ. ತಲೆಬಿಸಿ ಇರಲಿಲ್ಲ. ಈಗ ಒಂದು ದೊಡ್ಡದು ಕಟ್ಟಿದೀನಿ. ಉದ್ದ 1.1 ಮೀಟರ್, ಕೊಳವೆ 54 ಮಿ.ಮೀ., ಮೋಟರ್ ಸೇರಿ 700 ಗ್ರಾಂ. ಎಫ್ ವರ್ಗದ ಮೋಟರ್, ಸರಾಸರಿ ನೂಕುಬಲ 35 ನ್ಯೂಟನ್.

ಸದ್ಯಕ್ಕೆ ನನ್ನ ಹತ್ರ ಇರೋದು 4.8 ಮಿ.ಮೀ. ದಪ್ಪದ, 1.2 ಮೀಟರ್ ಉದ್ದದ ರಾಡ್. ಹೋದ ತಿಂಗಳು ಅದರ ಮೇಲೆ ಇದಕ್ಕಿಂತ ಹಗುರದ್ದೊಂದನ್ನ ಬಿಟ್ಟೆ. ರಾಡ್ ದಾಟಿದ್ದೇ ತಡ, ಗಾಳಿ ಬರೋ ಕಡೆಗೆ ಮೂತಿ ತಿರುಗಿಸ್ಕೊಂಡು ಅಡ್ಡಡ್ಡ ಓಡಿತು. ವಿಡಿಯೋ ನೋಡಿದ್ರೆ ರಾಡ್ ತುದಿ ಚಾಟಿ ಥರ ಬಳುಕಿದೆ. ಈಗ 6.35 ಮಿ.ಮೀ. ರಾಡ್ ತರಲಾ, ಇಲ್ಲ ಅಲ್ಯೂಮಿನಿಯಂ ರೈಲಿಗೇ ಹೋಗಲಾ? ರೈಲ್ ಅಂದ್ರೆ 1010, 2020, 1515 ಅಂತ ಏನೇನೋ ನಂಬರ್ ಹೇಳ್ತಾರೆ. ರೈಲಿನ ಸೀಳಲ್ಲಿ ಜಾರೋ ಬಟನ್ನನ್ನ ರಾಕೆಟ್ ಮೇಲೆ ಎಲ್ಲಿ ಕೂರಿಸಬೇಕು ಅಂತಾನೂ ಗೊತ್ತಿಲ್ಲ. ಲಗ್ (ರಾಡ್ ತೂರೋ ಸಣ್ಣ ಕೊಳವೆ) ಇನ್ನೂ ಅಂಟಿಸಿಲ್ಲ, ಯಾವ ಕಡೆಗೆ ಬೇಕಾದ್ರೂ ತಿರುಗಬಹುದು.

ಕಡ್ಡಿಪೆಟ್ಟಿಗೆ
ರೈಲ್. ಮುಗೀತು.

ಅಂಟುಕೈ
ಮುಗೀಲಿಲ್ಲ ಸ್ವಾಮಿ. ಯಾರು ಏನು ಕೇಳಿದ್ರೂ ರೈಲ್ ರೈಲ್ ಅನ್ನೋದೊಂದು ಚಾಳಿ ಆಗಿಬಿಟ್ಟಿದೆ. 700 ಗ್ರಾಂಗೆ 6.35 ರಾಡ್ ಧಾರಾಳ. 35 ನ್ಯೂಟನ್ ಅಂದ್ರೆ ತೂಕದ ಐದು ಪಟ್ಟು ನೂಕುಬಲ, ಐದಕ್ಕೊಂದು ನಿಯಮ ಪಾಸ್. ನಾನು ಇದೇ ತೂಕದ್ದನ್ನ ಎಷ್ಟೋ ಸಲ ರಾಡ್ ಮೇಲಿಂದ ಕಳಿಸಿದೀನಿ.

ಲೆಕ್ಕದಮೇಷ್ಟ್ರು
ಐದಕ್ಕೊಂದು ನಿಯಮ ಪಾಸ್ ಆದ್ರೆ ರಾಕೆಟ್ ಪಾಸ್ ಅಂತ ಅಲ್ಲ. ಆ ನಿಯಮ ರಾಡ್ ಎಷ್ಟು ಉದ್ದ ಅಂತ ಕೇಳೋದೇ ಇಲ್ಲ, ಅಲ್ಲೇ ಇರೋದು ಎಡವಟ್ಟು.

ರಾಕೆಟ್‌ಗೆ ಕಣ್ಣಿಲ್ಲ, ಚುಕ್ಕಾಣಿ ಇಲ್ಲ. ಅದನ್ನ ನೇರ ಇಡೋದು ಫಿನ್, ಅಂದ್ರೆ ಬಾಲದ ರೆಕ್ಕೆ, ಒಂದೇ, ಫಿನ್ ಕೆಲಸ ಮಾಡೋಕೆ ಅದರ ಮೇಲೆ ಗಾಳಿ ಜೋರಾಗಿ ಹರೀಬೇಕು. ಆ ವೇಗ ಬರೋ ತನಕ ಕೈಹಿಡಿದು ನಡೆಸೋದು ರಾಡ್ ಅಥವಾ ರೈಲಿನ ಕೆಲಸ. ಬಿಡುವಾಗ ಸೆಕೆಂಡಿಗೆ 15 ಮೀಟರ್ ಆಸುಪಾಸು ಇರಲಿ ಅಂತ ಹವ್ಯಾಸಿಗಳು ರೂಢಿಯಲ್ಲಿ ಇಟ್ಕೊಂಡಿರೋ ಅಳತೆ.

ನಿಮ್ಮದನ್ನೇ ತಗೊಳ್ಳಿ. 35ನ್ನ 0.7ರಿಂದ ಭಾಗಿಸಿದ್ರೆ 50, ಗುರುತ್ವದ 9.8 ಕಳೆದ್ರೆ ವೇಗೋತ್ಕರ್ಷ ಸುಮಾರು 40. ವೇಗದ ವರ್ಗ = 2 × ವೇಗೋತ್ಕರ್ಷ × ದೂರ. 1.2 ಮೀಟರ್ ಓಡಿದ್ರೆ ಸಿಗೋದು 9.8. 1.8 ಮೀಟರ್‌ಗೆ 12. 2.4 ಮೀಟರ್‌ಗೆ 13.9. ಐದಕ್ಕೊಂದು ಇದ್ದೂ 1.2 ಮೀಟರ್ ರಾಡ್ ಮೇಲೆ ಹತ್ತು ಕೂಡ ದಾಟಲ್ಲ.

ಈಗ ಗಾಳಿ ಸೆಕೆಂಡಿಗೆ 4 ಮೀಟರ್ ಬೀಸ್ತಿದೆ ಅನ್ಕೊಳ್ಳಿ. 9.8ರಲ್ಲಿ ರಾಡ್ ಬಿಟ್ಟ ರಾಕೆಟ್‌ಗೆ ಗಾಳಿ ಬಡಿಯೋದು ಮೂತಿಯಿಂದಲ್ಲ, 22 ಡಿಗ್ರಿ ಓರೆಯಿಂದ. 13.9 ಇದ್ರೆ 16 ಡಿಗ್ರಿ. ಓರೆ ಹೆಚ್ಚಾದಷ್ಟೂ ಅದು ಗಾಳಿಗೆ ಮುಖ ಮಾಡಿ ನಿಲ್ಲೋಕೆ ನೋಡುತ್ತೆ. ತೀರಾ ಹೆಚ್ಚಾದ್ರೆ ಫಿನ್ ಹಿಡಿತವೇ ಬಿಟ್ಟುಹೋಗುತ್ತೆ. ಹೋದ ತಿಂಗಳು ನೀವು ನೋಡಿದ್ದು ಇದನ್ನೇ.

ಅಂಟುಕೈ
ಮೇಷ್ಟ್ರೇ, ಸರಾಸರಿ ಹಾಕಿದ್ರೆ ಹಾಗೇ ಬರುತ್ತೆ. ಮೋಟರ್ ಶುರುವಿಗೇ ಜೋರಾಗಿ ಒದೆಯುತ್ತಲ್ಲ, ಅದೆಲ್ಲಿ ಹೋಯ್ತು? ಡಿ12 ಮೋಟರಿನ ಹೆಸರಲ್ಲಿರೋದು ಸರಾಸರಿ 12 ನ್ಯೂಟನ್, ಆದ್ರೆ ಶುರುವಿನ ಒದೆತ 30ರ ಹತ್ರ ಹೋಗುತ್ತೆ.

ಲೆಕ್ಕದಮೇಷ್ಟ್ರು
ಒಪ್ಪಿದೆ. 1.2 ಮೀಟರ್ ಓಡೋಕೆ ಹಿಡಿಯೋದೇ ಕಾಲು ಸೆಕೆಂಡ್, ಹಾಗಾಗಿ ನೋಡಬೇಕಾದ್ದು ಮೊದಲ ಕಾಲು ಸೆಕೆಂಡಿನ ನೂಕುಬಲವನ್ನೇ. ಕಪ್ಪುಮದ್ದಿನ ಮೋಟರ್‌ಗಳಲ್ಲಿ ಆ ಶುರುವಿನ ಶಿಖರ ಚೂಪಾಗಿರುತ್ತೆ. ರಬ್ಬರಿನಂಥ ಇಂಧನ ತುಂಬಿದ ಕಾಂಪೋಸಿಟ್‌ನಲ್ಲಿ ಕೆಲವು ಸಪಾಟಾಗಿ ಉರಿಯುತ್ವೆ, ಕೆಲವು ನಿಧಾನಕ್ಕೆ ಏರುತ್ವೆ. ನಿಧಾನಕ್ಕೆ ಏರೋ ಮೋಟರ್ ಆದ್ರೆ ಸರಾಸರಿ ಹಾಕಿದ ನನ್ನ ಲೆಕ್ಕಕ್ಕಿಂತ ಪರಿಸ್ಥಿತಿ ಕೆಟ್ಟದಾಗಿರುತ್ತೆ. ಮೋಟರಿನ ನೂಕುಬಲದ ರೇಖೆ ನೋಡದೆ ರಾಡ್ ಆರಿಸೋದು ಕಾಲಿನ ಅಳತೆ ಗೊತ್ತಿಲ್ಲದೆ ಚಪ್ಪಲಿ ತಂದ ಹಾಗೆ.

ಬಳುಕುಬೆತ್ತ
ರಾಡ್ ಬಳುಕಿನ ಬಗ್ಗೆ ಯಾರೂ ಹೇಳ್ತಿಲ್ಲ. ದಪ್ಪ ಹೆಚ್ಚಿದ್ರೆ ಬಿಗಿತ ಮೂರನೇ ಘಾತದಲ್ಲಿ ಏರುತ್ತೆ. 4.8ರಿಂದ 6.35ಕ್ಕೆ ಹೋದ್ರೆ ಎರಡು ಪಟ್ಟಿಗಿಂತ ಜಾಸ್ತಿ ಬಿಗಿ.

ಲೆಕ್ಕದಮೇಷ್ಟ್ರು
ನಾಲ್ಕನೇ ಘಾತ. ಸುಮಾರು ಮೂರು ಪಟ್ಟು ಬಿಗಿ ಬರುತ್ತೆ. ಮೂರನೇ ಘಾತ ಇರೋದು ಉದ್ದದ ಕಡೆಗೆ.

ಬಳುಕುಬೆತ್ತ
ಹೌದು, ಅದಲು ಬದಲಾಯ್ತು. ಆದ್ರೆ ಆಗ ನನ್ನ ವಾದ ಇನ್ನೂ ಗಟ್ಟಿ ಆಯ್ತು, ನೋಡಿ. ವೇಗ ಸಾಲದು ಅಂತ 1.2ರ ಬದಲು 1.8 ಮೀಟರ್ ರಾಡ್ ಹಾಕಿದ್ರೆ, ಒಂದೂವರೆ ಪಟ್ಟು ಉದ್ದ, ಅದರ ಘನ 3.4. ದಪ್ಪದಿಂದ ಗಳಿಸಿದ ಮೂರು ಪಟ್ಟು ಬಿಗಿತವನ್ನ ಉದ್ದ ತಿಂದು ತೇಗಿತು. 6.35 ಮಿ.ಮೀ., 1.8 ಮೀಟರ್ ರಾಡು ಈಗಿರೋದರಷ್ಟೇ ಬಳುಕುತ್ತೆ, ಒಂದು ಕೂದಲೆಳೆ ಜಾಸ್ತಿನೇ. ಉದ್ದ ಬೇಕು ಅಂದಮೇಲೆ ರಾಡ್ ದಾರಿ ಇಲ್ಲಿಗೆ ಬಂದ್.

ಅಂಟುಕೈ
ಹೂಂ. ಇದು ನಾನು ಯೋಚಿಸಿರಲಿಲ್ಲ.

ಚೌಕಾಸಿಬೇಡ
ಆದ್ರೆ ರೈಲ್ ಅಲ್ಯೂಮಿನಿಯಂ ಅಲ್ವಾ? ಉಕ್ಕಿನ ಮುಂದೆ ಅಲ್ಯೂಮಿನಿಯಂ ಮೂರನೇ ಒಂದು ಭಾಗದಷ್ಟು ಬಿಗಿ ಅಷ್ಟೆ.

ಬಳುಕುಬೆತ್ತ
ಲೋಹ ಮೆತ್ತಗೇ, ಆದ್ರೆ ಆಕಾರ ನೋಡಿ. ರಾಡ್ ಅಂದ್ರೆ ಬೆರಳಿಗಿಂತ ಸಣ್ಣ ಕಡ್ಡಿ. 1010 ರೈಲ್ ಒಂದೊಂದು ಬದಿ 25.4 ಮಿ.ಮೀ. ಇರೋ ಚೌಕ, ನಾಲ್ಕೂ ಬದಿಗೆ ಗಾಡಿ, ಅಂದ್ರೆ ಬಟನ್ ಜಾರೋ ಉದ್ದ ಸೀಳು. ವಸ್ತು ಎಲ್ಲಾ ನಡುವಿನಿಂದ ದೂರ ಹರಡಿಕೊಂಡಿದೆ. ಲೋಹದ ಮೆತ್ತಗಿನ ನಷ್ಟ ಕಳೆದ ಮೇಲೂ 6.35 ರಾಡಿಗಿಂತ ಹತ್ತಾರು ಪಟ್ಟು ಬಿಗಿ.

ನಿಧಾನಸ್ಥ
ರೈಲಿಗೆ ಇನ್ನೊಂದು ಲಾಭ: ರಾಕೆಟ್ ಸುತ್ತಲ್ಲ. ರಾಡ್ ಮೇಲೆ ಗಾಳಿ ಬೀಸಿದ್ರೆ ಗಿರಗಿಟ್ಲೆ ಥರ ತಿರುಗಿ ಇಗ್ನೈಟರ್ (ಮೋಟರ್ ಹೊತ್ತಿಸೋ ತಂತಿ) ಕ್ಲಿಪ್‌ಗೆ ಫಿನ್ ಸಿಕ್ಕಿಸ್ಕೊಳ್ಳುತ್ತೆ. ಎಣಿಕೆ ಶುರುವಾದ ಮೇಲೆ ಗೊತ್ತಾಗೋದು.

ಹೊಸಹಾರಾಟ
ಅಯ್ಯೋ, ಒಂದೇ ದಿನಕ್ಕೆ ಇಷ್ಟೊಂದು ಉತ್ತರ. ಸರಿ, ರೈಲಿಗೇ ಹೋಗೋಣ. ಯಾವ ನಂಬರ್? ನನ್ನ ಹತ್ರ 3ಡಿ ಪ್ರಿಂಟರ್ ಕಳಚಿದಾಗ ಉಳಿದ 2020 ತುಂಡುಗಳಿವೆ, ಅದಾಗುತ್ತಾ?

ತೂತುಬೋಲ್ಟು
ನೋಡ್ರಿ, ಈ ನಂಬರ್ ಹಿಂದ ಗುಟ್ಟೇನಿಲ್ಲ. 1010 ಅಂದ್ರ ಇಂಚು ಲೆಕ್ಕ, 1 ಇಂಚು ಗುಣಿಸು 1 ಇಂಚು. 1515 ಅಂದ್ರ ಒಂದೂವರಿ ಇಂಚು, 38 ಮಿ.ಮೀ. 2020 ಅಂದ್ರ ಮಿಲಿಮೀಟರ್ ಲೆಕ್ಕ, 20 ಗುಣಿಸು 20. ಸಣ್ಣ ರಾಕೆಟ್‌ಗೆ 10 ಮಿ.ಮೀ. ರೈಲೂ ಬರ್ತಾವ, ಅದರ ಗಾಡಿ 3 ಮಿ.ಮೀ. ನಿಮ್ಮ ತೂಕಕ್ಕ 1010 ಸರಿ. 1515 ದೊಡ್ಡ ಭಾರದ ರಾಕೆಟ್‌ಗೆ, ನಿಮಗ ಬ್ಯಾಡ.

2020 ಬಗ್ಗೆ ಒಂದ್ ಮಾತ್ ಕೇಳ್ರಿ. 1010ರ ಬಟನ್ ತಂದು 2020ಕ್ಕ ಹಾಕಬ್ಯಾಡ್ರಿ. ಬಾಯಿ ಅಗಲ ಹತ್ರ ಹತ್ರ ಕಾಣ್ತದ, ಆದ್ರ ಒಳಗಿನ ಆಕಾರ ಬ್ಯಾರೆ. ಅದರಾಗೂ ಪ್ರಿಂಟರ್‌ನಿಂದ ಬಿಚ್ಚಿದ್ದು ಚಕ್ರ ಓಡೋ ವಿ ಗಾಡಿ ಇದ್ದರ, ಬಾಯಿ ಅಂಚು ಇಳಿಜಾರು ಇರ್ತದ, ಬಟನ್ ಬೆಣಿ ಹೊಡದಂಗ ಕುಂತುಬಿಡ್ತದ. ಗಾಡಿಗೆ ತಕ್ಕ ಬಟನ್ ತಗೊಂಡು ಕೈಲೆ ಮ್ಯಾಲಿಂದ ಕೆಳಗಿನ ತನಕ ಜಾರಿಸಿ ನೋಡ್ರಿ. ರೈಲ್ ನಿಲ್ಲಿಸಿದಾಗ ತನ್ನ ಭಾರಕ್ಕ ತಾನೇ ಇಳೀಬೇಕು.

ಇನ್ನ ಸಣ್ಣ ಸಣ್ಣ ತುಂಡು ಜೋಡಿಸಿ ರೈಲ್ ಮಾಡೋ ವಿಚಾರ ಇದ್ದರ, ಆ ಸಂದಿನಾಗ ಬಟನ್ ಬಡೀತದ. ಒಂದೇ ತುಂಡು ಛಲೋ. ಜೋಡಿಸಲೇಬೇಕಂದ್ರ ಎರಡೂ ತುದಿ ಅರಾ ಹಾಕಿ ಅಂಚು ಮುರೀರಿ, ಒಳಗ ಜೋಡಣಿ ಪಟ್ಟಿ ಬಿಗೀರಿ, ಬೆರಳು ಎಳದು ನೋಡ್ರಿ.

ಕಡ್ಡಿಪೆಟ್ಟಿಗೆ
ನಾನು ಮೊದಲನೇ ಉತ್ತರದಲ್ಲೇ ರೈಲ್ ಅಂದಿದ್ದೆ.

ಹೊಗೆಬತ್ತಿ
ಜೋಡಣೆ ಸಂದಿನ ಕಥೆ ನನ್ನನ್ನ ಕೇಳಿ. ಎರಡು ತುಂಡಿನ ರಾಡ್, ನಡುವೆ ತಿರುಪು. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಒಂದು ಮುಳ್ಳು ಎದ್ದಿತ್ತು. ಲಗ್ ಅಲ್ಲಿಗೆ ಬಂದು ಕಚ್ಚಿಕೊಂಡು ನಿಂತಿತು. ರಾಕೆಟ್ ರಾಡಿನ ಅರ್ಧದಲ್ಲಿ ನಿಂತು ಮೋಟರ್ ಪೂರ್ತಿ ಉರೀತು, ಆಮೇಲೆ ನಿಧಾನಕ್ಕೆ ಟುಸ್ ಅಂತ ಪ್ಯಾರಾಚೂಟ್ ಹೊರಗೆ ಹಾಕಿತು. ನೋಡೋಕೆ ನಿಂತಿದ್ದವರೆಲ್ಲ ಚಪ್ಪಾಳೆ ಹೊಡೆದ್ರು. ಡಿಫ್ಲೆಕ್ಟರ್ (ಬುಡದಲ್ಲಿ ಬೆಂಕಿ ತಡೆಯೋ ತಗಡು) ಮೇಲಿದ್ದ ಕ್ಲಿಪ್ ವೈರ್ ಕರಗಿ ಮುದ್ದೆ.

ಅಂಟುಕೈ
ನನ್ನದೂ ಒಂದು. ಲಗ್ ಒಳಗೆ ಬಣ್ಣ ಹೋಗಿತ್ತು. ಮನೇಲಿ ರಾಡ್ ತೂರಿಸಿ ನೋಡಿರಲಿಲ್ಲ. ಮೈದಾನಕ್ಕೆ ಹೋದ ಮೇಲೆ ಸೂಜಿ, ಎಮರಿ ಪೇಪರ್, ಬೈಗುಳ.

ರೆಕ್ಕೆಪುಕ್ಕ
ಮೇಷ್ಟ್ರ ಲೆಕ್ಕದಲ್ಲಿ ಒಂದು ದೊಡ್ಡ ಜಾರು ಇದೆ, ಯಾರೂ ಹಿಡೀಲಿಲ್ಲ. 1.2 ಮೀಟರ್ ರಾಡ್ ಅಂದ್ರೆ ರಾಕೆಟ್ 1.2 ಮೀಟರ್ ಓಡಲ್ಲ!

ರಾಕೆಟ್ ಕೂತಿರೋದು ಡಿಫ್ಲೆಕ್ಟರಿನಿಂದ ಮೇಲೆ, 15 ಸೆಂ.ಮೀ. ಅನ್ನಿ. ಮೇಲಿನ ಲಗ್ ಬುಡದಿಂದ 55 ಸೆಂ.ಮೀ. ಎತ್ತರದಲ್ಲಿದೆ ಅನ್ನಿ. ಹಾಗಾದ್ರೆ ಮೇಲಿನ ಲಗ್ ರಾಡ್ ಬಿಡೋ ಹೊತ್ತಿಗೆ ರಾಕೆಟ್ ಓಡಿರೋದು 120 − 15 − 55, ಬರೀ 50 ಸೆಂ.ಮೀ. ಆಗ ವೇಗ 6.3 ಅಷ್ಟೆ. 4 ಮೀಟರ್ ಗಾಳಿಗೆ 32 ಡಿಗ್ರಿ ಓರೆ. ಮೇಲಿನ ಲಗ್ ಬಿಟ್ಟ ಮೇಲೆ ರಾಕೆಟ್ ಹಿಡಿದಿರೋದು ಒಂದೇ ಕಡೆ, ಬಾಗಿಲ ಕೀಲಿನ ಹಾಗೆ. ಅಲ್ಲಿಂದಾಚೆ ಅದನ್ನ ದಾರಿ ಅನ್ನೋದು ಹೆಸರಿಗೆ ಮಾತ್ರ.

ಲೆಕ್ಕದಮೇಷ್ಟ್ರು
ಜಾರು ನಿಜ, ಸಿಕ್ಕಿಬಿದ್ದೆ. ಆದ್ರೆ ಮೇಲಿನದು ಬಿಟ್ಟ ಕ್ಷಣಕ್ಕೇ ಎಲ್ಲ ಮುಗೀತು ಅನ್ನೋದನ್ನ ಪೂರ್ತಿ ಒಪ್ಪಲ್ಲ. ಕೆಳಗಿನ ಬಟನ್ ಇನ್ನೂ ಗಾಡಿಯಲ್ಲಿರುವಾಗ ಬುಡ ಪಕ್ಕಕ್ಕೆ ಸರಿಯೋಕಾಗಲ್ಲ, ವೇಗವೂ ಏರ್ತಾ ಇರುತ್ತೆ. ಅಷ್ಟರಲ್ಲಿ ರಾಕೆಟ್ ತಿರುಗೋಕೆ ಸಮಯ ಎಷ್ಟು ಸಿಗುತ್ತೆ? ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ರೆಕ್ಕೆಪುಕ್ಕ
ಆ ಹತ್ತನೇ ಒಂದು ಭಾಗದಲ್ಲೇ ಬಟನ್ ಗಾಡಿಯ ಬಾಯಿಗೆ ಓರೆಯಾಗಿ ಕಚ್ಚೋದು ಮೇಷ್ಟ್ರೇ. ಗಾಳಿ ಹೆಚ್ಚಿರೋ ದಿನ ಹಾರಿಸಿದ ರಾಕೆಟ್‌ನ ಕೆಳಗಿನ ಬಟನ್ ಬಿಚ್ಚಿ ನೋಡಿ, ಒಂದು ಬದಿಗೆ ಮಾತ್ರ ತಿಕ್ಕಿದ ಗೆರೆ ಇರುತ್ತೆ. ನಾನು ಸಿಮ್ಯುಲೇಷನ್‌ನಲ್ಲಿ ರೈಲಿನ ಉದ್ದ ಕೇಳಿದ್ರೆ ಮೇಲಿನ ಬಟನ್ ಓಡೋ ದೂರವನ್ನೇ ಕೊಡೋದು. ಹೆದರಿಕೆಯ ಲೆಕ್ಕ ಅನ್ನಿ ಬೇಕಾದ್ರೆ.

ಲೆಕ್ಕದಮೇಷ್ಟ್ರು
ಹೆದರಿಕೆಯ ಲೆಕ್ಕ. ಆದ್ರೆ ತಪ್ಪಲ್ಲ.

ಹೊಸಹಾರಾಟ
ಹಾಗಾದ್ರೆ ಎರಡೂ ಬಟನ್ ಕೆಳಗೇ ಇಟ್ಟುಬಿಟ್ರೆ? ಮೇಲಿನದು ಜಾಸ್ತಿ ದೂರ ಓಡುತ್ತಲ್ಲ.

ರೆಕ್ಕೆಪುಕ್ಕ
ಹಾ ಹಾ, ಬುದ್ಧಿವಂತಿಕೆ. ಎರಡೂ ಹತ್ರ ಇದ್ರೆ ರಾಕೆಟ್ ಜೋಲಿ ಹೊಡೆಯುತ್ತೆ. ಗಾಡಿಯಲ್ಲಿ ಬಟನ್‌ಗೆ ಚೂರು ಸಡಿಲ ಇದ್ದೇ ಇರುತ್ತೆ. ಅಷ್ಟೇ ಸಡಿಲ, ಎರಡರ ಅಂತರ 10 ಸೆಂ.ಮೀ. ಇದ್ರೆ ಮೂತಿ ಓಲಾಡೋದು 50 ಸೆಂ.ಮೀ. ಅಂತರಕ್ಕಿಂತ ಐದು ಪಟ್ಟು. ಕೆಳಗಿನದು ಬುಡದ ಹತ್ತಿರ, ಮೇಲಿನದು ಮೋಟರ್ ತುಂಬಿದ ಮೇಲಿನ ಗುರುತ್ವ ಕೇಂದ್ರದ ಆಸುಪಾಸು. ನಿಮ್ಮ ರಾಕೆಟ್‌ಗೆ 5 ಸೆಂ.ಮೀ. ಮತ್ತು 55 ಸೆಂ.ಮೀ. ಹತ್ತಿರ ಬರಬಹುದು. ಬೆರಳ ಮೇಲೆ ತೂಗಿ ನೋಡಿ, ಮೋಟರ್ ಹಾಕಿ ತೂಗಿ, ಖಾಲಿ ಅಲ್ಲ.

ಮೂರನೇಬಟನ್
ಮೂರು ಬಟನ್ ಹಾಕಿದ್ರೆ ಇನ್ನೂ ಗಟ್ಟಿ ಅಲ್ವಾ?

ತೂತುಬೋಲ್ಟು
ಹೆಸರಿಗೆ ತಕ್ಕ ಪ್ರಶ್ನಿ ಕೇಳೀರಿ. ಎರಡು ಚುಕ್ಕಿ ನಡುವ ಯಾವಾಗಲೂ ಸರಳ ಗೆರಿ ಬರ್ತದ. ಮೂರನೇದು ಅದೇ ಗೆರಿ ಮ್ಯಾಲೆ ಕುಂತಿಲ್ಲಂದ್ರ ಗಾಡಿಯೊಳಗ ಹಿಡೀತದ. ಎರಡ ಸಾಕ್ರಿ. ಅವೆರಡನ್ನೂ ಗೆರಿ ಹೊಡದು ಕೂಡಸ್ರಿ, ಕಣ್ಣಂದಾಜು ಬ್ಯಾಡ. ಬಾಗಿಲ ಚೌಕಟ್ಟಿನ ಮೂಲಿಗೆ ಕೊಳವಿ ಒತ್ತಿ ಹಿಡದು ಪೆನ್ಸಿಲ್ ಎಳದ್ರ ನೆಟ್ಟಗ ಬರ್ತದ. ಎರಡು ಫಿನ್ ನಡುವ ಗೆರಿ ಬರ್ಲಿ, ರೈಲ್‌ಗೆ ಫಿನ್ ತಾಗಬಾರದು.

ಹೊಸಹಾರಾಟ
ಬಟನ್ ಪ್ರಿಂಟ್ ಮಾಡ್ಕೊಂಡ್ರೆ ಆಗುತ್ತಾ? ಪಿಎಲ್ಎ ಇದೆ.

ಹೊಗೆಬತ್ತಿ
ಮಾಡಿದ್ದೆ. ಪದರಗಳು ತಿರುಪಿಗೆ ಅಡ್ಡಡ್ಡ ಬರೋ ಹಾಗೆ ಪ್ರಿಂಟ್ ಮಾಡಿದ್ದೆ, ಕುತ್ತಿಗೆ ಹತ್ರ ಬಿಸ್ಕತ್ತಿನಂಗೆ ಕಳಚಿಕೊಳ್ತು. ರೈಲ್ ಅರ್ಧ ದಾಟಿದಾಗ. ರಾಕೆಟ್ ಪಕ್ಕಕ್ಕೆ ಕರಣ ಹೊಡೀತು. ಇನ್ನೊಂದು, ಪಿಎಲ್ಎ 60 ಡಿಗ್ರಿ ಸೆಲ್ಸಿಯಸ್ ಹತ್ರ ಮೆತ್ತಗಾಗೋ ವಸ್ತು. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಇಟ್ಟು ಮರೆತರೆ ಆಕಾರ ಕೆಡುತ್ತೆ. ಅಸಿಟಾಲ್, ಅಂದ್ರೆ ಡೆಲ್ರಿನ್ ಬಟನ್ ತಗೊಳ್ಳಿ. ಜಾರುತ್ತೆ, ಗಟ್ಟಿ, ತಲೆನೋವಿಲ್ಲ.

ನಿಧಾನಸ್ಥ
ಮತ್ತೆ ಬಟನ್‌ನ ತಿರುಪು ಬರೀ ಕಾಗದದ ಕೊಳವೆಗೆ ಹಾಕಬೇಡಿ. ಒಳಗೆ ಒಂದು ಚೂರು ಮರ ಅಂಟಿಸಿ, ಅಥವಾ ಸೆಂಟರಿಂಗ್ ರಿಂಗ್ (ಮೋಟರ್ ಕೊಳವೆಯನ್ನ ನಡುವೆ ಹಿಡಿಯೋ ಬಳೆ) ಇರೋ ಕಡೆಗೇ ಕೂರಿಸಿ. ತಿರುಪಿನ ತುದಿ ಒಳಗೆ ಚಾಚಿಕೊಂಡು ಪ್ಯಾರಾಚೂಟ್ ಹರಿದ ಉದಾಹರಣೆ ನನ್ನಲ್ಲೇ ಇದೆ. ಬಟನ್ ಬೆರಳಲ್ಲಿ ತಿರುಗೋ ಹಾಗಿರಲಿ, ಕುತ್ತಿಗೆ ಹಿಸುಕಿ ಬಿಗಿಯಬೇಡಿ.

ಗಿಡುಗಕಣ್ಣು
ನಡುವೆ ಬಾಯಿ ಹಾಕ್ತೀನಿ. ನಿಜವಾದ ದೊಡ್ಡ ರಾಕೆಟ್‌ಗಳಿಗೆ ರೈಲೂ ಇಲ್ಲ ಬಟನ್ನೂ ಇಲ್ಲ, ನಿಧಾನಕ್ಕೆ ಎದ್ದು ನೆಟ್ಟಗೆ ಹೋಗ್ತವೆ. ನಮಗ್ಯಾಕೆ ಈ ಗೋಳು?

ರೆಕ್ಕೆಪುಕ್ಕ
ಅವಕ್ಕೆ ಮಿದುಳು ಇದೆ ಮಾರಾಯ್ರೆ. ಜರ್ಮನಿಯ ವಿ-2 ಬರೀ ಒಂದು ಮೇಜಿನಂಥ ಪೀಠದ ಮೇಲಿಂದ ಏಳ್ತಿತ್ತು. ಒಳಗೆ ಗೈರೋಸ್ಕೋಪ್, ಬೆಂಕಿ ಹೊರಬರೋ ಬಾಯಲ್ಲಿ ಗ್ರಾಫೈಟ್ ಚುಕ್ಕಾಣಿ. ಗಾಳಿಯ ವೇಗಕ್ಕೆ ಕಾಯೋ ಅಗತ್ಯವೇ ಇರಲಿಲ್ಲ. ಆ ಮಿದುಳು ಇಲ್ಲದಿದ್ದವಕ್ಕೆ ದಾರಿ ಬೇಕೇ ಬೇಕಿತ್ತು. 1945ರ ಅಮೆರಿಕದ ವ್ಯಾಕ್ ಕಾರ್ಪೊರಲ್ ರಾಕೆಟ್‌ಗೆ ಸುಮಾರು 30 ಮೀಟರ್ ಎತ್ತರದ ಗೋಪುರ ಕಟ್ಟಿದ್ರು, ಅದೂ ಸಾಲದು ಅಂತ ಕೆಳಗಿಂದ ಒಂದು ಬೂಸ್ಟರ್ ಕೊಟ್ಟು ಒದ್ದು ಏರಿಸ್ತಿದ್ರು. ನಾವು ಮೈದಾನದಲ್ಲಿ ಮಾಡ್ತಿರೋದು ಅದೇ ಕೆಲಸದ ಚಿಕ್ಕ ರೂಪ.

ಗಿಡುಗಕಣ್ಣು
ಹಾಗಾದ್ರೆ ನಾವೂ ಗೋಪುರ ಕಟ್ಟಬಹುದಲ್ಲ? ಲಗ್ಗೂ ಬೇಡ ಬಟನ್ನೂ ಬೇಡ.

ಅಂಟುಕೈ
ಕಟ್ಟೋರು ಇದ್ದಾರೆ, ಸ್ಪರ್ಧೆಯವರು. ಮೂರು ಕಂಬಿ ಸುತ್ತ ನಿಂತು ಕೊಳವೆಯನ್ನೇ ಹಿಡಿದಿರುತ್ತೆ. ಮೈಮೇಲೆ ಉಬ್ಬು ತಗ್ಗು ಇಲ್ಲ, ಗಾಳಿಯ ಎಳೆತ ಕಡಿಮೆ. ಆದ್ರೆ ಕೊಳವೆಯ ಒಂದೊಂದು ದಪ್ಪಕ್ಕೂ ಕಂಬಿ ಹೊಂದಿಸ್ಕೋಬೇಕು. ಇನ್ನು ಕಳಚಿ ಬೀಳೋ ಗೈಡ್ ಕೂಡ ಇದೆ, ರಾಕೆಟ್ ಸುತ್ತ ಹಿಡ್ಕೊಂಡಿದ್ದು ರೈಲ್ ತುದಿಯಲ್ಲಿ ತೆರ್ಕೊಂಡು ಉದುರುತ್ತೆ. ಎತ್ತರದ ದಾಖಲೆ ಬೇಕಿಲ್ಲದಿದ್ರೆ ಎರಡು ಬಟನ್ ಸಾಕು.

ಚೌಕಾಸಿಬೇಡ
ರೈಲ್ ಬಗ್ಗೆ ಇಷ್ಟು ಮಾತಾಡಿ ಅದು ನಿಲ್ಲೋ ಕಾಲಿನ ಬಗ್ಗೆ ಒಬ್ಬರೂ ಹೇಳಲಿಲ್ಲ. 2.4 ಮೀಟರ್ ರೈಲನ್ನ ಸಣ್ಣ ಮುಕ್ಕಾಲಿ ಮೇಲೆ ನಿಲ್ಲಿಸಿದ್ರೆ ರೈಲ್ ಬಳುಕಲ್ಲ, ಇಡೀ ಪೀಠವೇ ಓಲಾಡುತ್ತೆ. ಕಾಲು ಅಗಲಕ್ಕೆ ಹರಡಿ, ನೆಲಕ್ಕೆ ಗೂಟ ಹೊಡೀರಿ. ನಾನು ಮಣ್ಣು ತುಂಬಿದ ಚೀಲ ಇಡ್ತೀನಿ.

ನಿಧಾನಸ್ಥ
ರಾಡ್ ಉಳಿಸ್ಕೊಳ್ಳೋರಿಗೆ ಒಂದು ಮಾತು, ಸಣ್ಣ ರಾಕೆಟ್‌ಗೆ ರಾಡೇ ಸರಿ, ಎಸೀಬೇಡಿ. ತುದಿಗೆ ಟೋಪಿ ಹಾಕಿ, ಎಣಿಕೆ ಹೊತ್ತಿಗೆ ಮಾತ್ರ ತೆಗೀರಿ. ಕ್ಲಿಪ್ ಸಿಕ್ಕಿಸೋಕೆ ಬಗ್ಗಿದಾಗ ರಾಡ್ ತುದಿ ಕಣ್ಣಿನಿಂದ ಎರಡು ಬೆರಳಿನಷ್ಟು ಕೆಳಗೆ ಕೆನ್ನೆ ಗೀರಿದ ಗುರುತು ನನ್ನ ಮುಖದ ಮೇಲೆ ಇನ್ನೂ ಇದೆ. ಹಾರಿಸಿದ ಮೇಲೆ ಒರೆಸಿ ಇಡಿ. ಕಾಂಪೋಸಿಟ್ ಮೋಟರಿನ ಹೊಗೆಯಲ್ಲಿ ಆಮ್ಲ ಇರುತ್ತೆ, ಉಕ್ಕು ಬೇಗ ತುಕ್ಕು ಹಿಡಿಯುತ್ತೆ.

ಬಳುಕುಬೆತ್ತ
ಒರೆಸಿ, ಆದ್ರೆ ಎಣ್ಣೆ ಸುರೀಬೇಡಿ. ಧೂಳು ಮೆತ್ತಿಕೊಂಡು ಅದೇ ಎಮರಿ ಪೇಪರ್ ಆಗುತ್ತೆ.

ಮೂರನೇಬಟನ್
ಗಾಳಿ ಕಡೆಗೆ ರೈಲ್ ಸ್ವಲ್ಪ ವಾಲಿಸಬೇಕಾ, ಗಾಳಿ ಹೋಗೋ ಕಡೆಗಾ?

ರೆಕ್ಕೆಪುಕ್ಕ
ಅದಕ್ಕೆ ಬೇರೆ ಜಗಳವೇ ಬೇಕು. ವೇಗ ಸಾಲದ ರಾಕೆಟ್ ತಾನೇ ಗಾಳಿಗೆ ಮುಖ ಮಾಡುತ್ತೆ, ನೀವೂ ಅದೇ ಕಡೆ ವಾಲಿಸಿದ್ರೆ ಎರಡೂ ಸೇರಿ ನೆಲ ನೋಡ್ಕೊಂಡು ಹೋಗುತ್ತೆ. ನಾನು ನೆಟ್ಟಗೇ ಇಡೋದು, ತೀರಾ ಬೇಕಾದ್ರೆ ನಾಲ್ಕೈದು ಡಿಗ್ರಿ. ಅಮೆರಿಕದ ರಾಕೆಟ್ ಹವ್ಯಾಸಿಗಳ ಸಂಘ ಎನ್ಎಆರ್‌ನ ಸುರಕ್ಷತಾ ನಿಯಮ 30 ಡಿಗ್ರಿ ತನಕ ಬಿಡುತ್ತೆ, ಗಾಳಿ ಗಂಟೆಗೆ 32 ಕಿ.ಮೀ. ದಾಟಿದ್ರೆ ಹಾರಿಸಲೇಬೇಡಿ ಅನ್ನುತ್ತೆ. ನಾನು ಅದರ ಅರ್ಧಕ್ಕೇ ಗಂಟುಮೂಟೆ ಕಟ್ತೀನಿ.

ಹೊಸಹಾರಾಟ
ಮೂರು ವಾರ ಆದ ಮೇಲೆ ಬರೀತಿದೀನಿ. 1010 ರೈಲ್, ಒಂದೇ ತುಂಡು, 2.4 ಮೀಟರ್. ಡೆಲ್ರಿನ್ ಬಟನ್, ಒಂದು 5ರಲ್ಲಿ, ಇನ್ನೊಂದು 55ರಲ್ಲಿ. ರೈಲಿನ ಮೇಲಿನ ತುದಿಯಲ್ಲಿ 28 ಸೆಂ.ಮೀ. ಅಂತರಕ್ಕೆ ಎರಡು ಗುರುತು ಬಳಿದು, ಸೆಕೆಂಡಿಗೆ 240 ಫ್ರೇಮ್ ಹಿಡಿಯೋ ಫೋನ್ ಇಟ್ಟೆ. ಕೆಳಗಿನ ಬಟನ್ ಆ ಅಂತರ ದಾಟೋಕೆ 5 ಫ್ರೇಮ್ ತಗೊಂಡಿದೆ. ಅಂದ್ರೆ ಸೆಕೆಂಡಿಗೆ 13.4 ಮೀಟರ್! ರಾಕೆಟ್ ಗೆರೆ ಎಳೆದ ಹಾಗೆ ಹೋಯ್ತು, ರೈಲ್ ಅಲುಗಾಡಿದ್ದು ವಿಡಿಯೋದಲ್ಲಿ ಕಾಣೋದೇ ಇಲ್ಲ.

ಲೆಕ್ಕದಮೇಷ್ಟ್ರು
15 ಸೆಂ.ಮೀ. ಎತ್ತರದಲ್ಲಿ ಕೂರಿಸಿದ್ರೆ ಕೆಳಗಿನ ಬಟನ್ ಓಡಿದ್ದು 2.2 ಮೀಟರ್. ಲೆಕ್ಕಕ್ಕೆ 13.3 ಬರುತ್ತೆ.

ರೆಕ್ಕೆಪುಕ್ಕ
ಮೇಲಿನ ಬಟನ್ ಓಡಿದ್ದು 1.7, ಅಲ್ಲಿ 11.7. ನಾನು ಅದನ್ನೇ ಬರ್ಕೊಳ್ಳೋದು.

ಲೆಕ್ಕದಮೇಷ್ಟ್ರು
ಶುರು ಮಾಡಿದ್ರು ನೋಡಿ ಮತ್ತೆ. ಅಂದಹಾಗೆ 240ರಲ್ಲಿ ಒಂದು ಫ್ರೇಮ್ ಎಣಿಕೆ ಹೆಚ್ಚು ಕಮ್ಮಿ ಆದ್ರೆ 13.4 ಹೋಗಿ 11 ಆಗುತ್ತೆ, ಇಲ್ಲ 17 ಆಗುತ್ತೆ. ಮುಂದಿನ ಸಲ ಗುರುತುಗಳನ್ನ ಇನ್ನೂ ದೂರ ಬಳೀರಿ.

ಹೊಸಹಾರಾಟ
ಆಯ್ತು ಮೇಷ್ಟ್ರೇ. ಮುಂದಿನ ಸಲ ಒಂದು ಮೀಟರ್ ಅಂತರ. ಈ ಸಲದ ರಾಕೆಟ್ ಪಕ್ಕದ ಹೊಲದ ಮರದಲ್ಲಿದೆ, ಮೊದಲು ಅದನ್ನ ಇಳಿಸಬೇಕು.

ಕಡ್ಡಿಪೆಟ್ಟಿಗೆ
ರೈಲ್ ಬಿಚ್ಚಿ ತಗೊಂಡು ಹೋಗಿ, 2.4 ಮೀಟರ್ ಇದೆಯಲ್ಲ.